ಎರ್ನ್ಸ್ಟ್ ರಾಬೆಲ್ ಅವರನ್ನು ನೆನೆಯುತ್ತ

ಇಂದು ಬೆಳಗಿನಿಂದ ತೌಲನಿಕ ಕಾನೂನಿನ ಹಿರಿಯ ವಿದ್ವಾಂಸ ಎರ್ನ್ಸ್ಟ್ ರಾಬೆಲ್ ಅವರ ಬದುಕೇ ಮನಸ್ಸಿನಲ್ಲಿ ಸುಳಿದಾಡುತ್ತಿದೆ. 1874ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು, ಬೇರೆ ಬೇರೆ ದೇಶಗಳ ಕಲಮುಗಳನ್ನು ಅಕ್ಕಪಕ್ಕ ಇಟ್ಟು ಓದುವುದರಿಂದ ಹೆಚ್ಚೇನೂ ಸಿಗದು, ಒಂದೇ ತೊಡಕನ್ನು ಆಯಾ ದೇಶದ ನ್ಯಾಯಾಲಯಗಳು ನಿಜವಾಗಿ ಹೇಗೆ ಬಿಡಿಸುತ್ತವೆ ಎಂಬುದನ್ನು ನೋಡಬೇಕು ಎಂದು ತೋರಿಸಿಕೊಟ್ಟವರು. ಹಡಗಿನಲ್ಲಿ ಹೊರಟ ಸರಕು ದಾರಿಯಲ್ಲೇ ಹಾಳಾದರೆ ನಷ್ಟ ಮಾರಿದವನದೋ, ಕೊಂಡವನದೋ? ಇಂಥ ಪ್ರಶ್ನೆಗಳನ್ನು ಹಿಡಿದು ಅವರು ಬರೆದ ಮಾರಾಟ ಕಾನೂನಿನ ಗ್ರಂಥದ ಮೊದಲ ಸಂಪುಟ 1936ರಲ್ಲಿ ಹೊರಬಂತು. ಮರುವರ್ಷವೇ, ಯಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ, 1926ರಿಂದ ತಾವೇ ಕಟ್ಟಿ ಬೆಳೆಸಿದ್ದ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಕಾನೂನು ಸಂಶೋಧನಾ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಅವರು ಬಿಡಬೇಕಾಯಿತು. 1939ರಲ್ಲಿ ಅಮೆರಿಕಕ್ಕೆ ವಲಸೆ ಹೋದಾಗ ಅವರಿಗೆ 65 ವರ್ಷ. ಆ ವಯಸ್ಸಿನಲ್ಲಿ, ತಮ್ಮದಲ್ಲದ ಇಂಗ್ಲಿಷಿನಲ್ಲಿ, ಕಾನೂನುಗಳ ಸಂಘರ್ಷ (ಹಲವು ದೇಶಗಳಿಗೆ ಸಂಬಂಧಿಸಿದ ವ್ಯಾಜ್ಯಕ್ಕೆ ಯಾವ ದೇಶದ ಕಾನೂನು ಅನ್ವಯಿಸಬೇಕೆಂಬ ಪ್ರಶ್ನೆ) ಕುರಿತ ನಾಲ್ಕು ಸಂಪುಟಗಳ ಕೃತಿಗೆ ಕೈಹಾಕಿದ ಅವರ ಛಲಕ್ಕೆ ತಲೆ ತಾನಾಗಿ ಬಾಗುತ್ತದೆ. 1955ರಲ್ಲಿ ಅವರು ತೀರಿಕೊಂಡರು. ಅವರ ಚಿಂತನೆಯ ತಳಹದಿಯ ಮೇಲೆ ರೂಪುಗೊಂಡ, ಅಂತರರಾಷ್ಟ್ರೀಯ ಸರಕು ಮಾರಾಟ ಕುರಿತ ವಿಶ್ವಸಂಸ್ಥೆಯ 1980ರ ಒಪ್ಪಂದಕ್ಕೆ ಭಾರತ ಇನ್ನೂ ಸೇರಿಲ್ಲ. ಯುರೋಪಿಗೆ ಕಾಫಿ ಕಳಿಸುವ ನಮ್ಮ ರಾಜ್ಯದ ವಕೀಲರೂ ವರ್ತಕರೂ ಈ ವಿಷಯವನ್ನು ಗಂಭೀರವಾಗಿ ಚರ್ಚಿಸಬೇಕೆಂಬುದು ನನ್ನ ಬಹುದಿನದ ಆಸೆ.