ಟೊಮೆಟೊ ಸಸಿಗೆ ಗೊಬ್ಬರ ಯಾವಾಗ ಶುರು ಮಾಡಬೇಕು?

ಮೊಳಕೆ ಕಂಡ ಕೂಡಲೇ ಗೊಬ್ಬರ ಹಾಕಬೇಡಿ. ಮೊದಲು ಬರುವ ಜೋಡಿ ಎಲೆಗಳು ನಿಜವಾದ ಎಲೆಗಳಲ್ಲ, ಅವು ಬೀಜದೆಲೆಗಳು. ಸಸಿಗೆ ಮೊದಲ ದಿನಗಳಿಗೆ ಬೇಕಾದ ಆಹಾರ ಅದರಲ್ಲೇ ಇರುತ್ತದೆ. ಆಮೇಲೆ ಅಂಚು ಕತ್ತರಿಸಿದಂತಿರುವ, ಟೊಮೆಟೊ ಎಲೆ ಅಂತ ಗುರುತು ಸಿಗುವ ಎಲೆಗಳು ಬರುತ್ತವೆ ನೋಡಿ, ಅವು ಎರಡು ಜೊತೆ ಆಗುವವರೆಗೆ ನಾನು ಬರೀ ನೀರು ಕೊಡುತ್ತೇನೆ.

ಮಣ್ಣು ಯಾವುದು ಅನ್ನೋದೂ ಮುಖ್ಯ. ಪ್ಯಾಕೆಟ್ ಮಿಶ್ರಣದಲ್ಲಿ ಗೊಬ್ಬರ ಮೊದಲೇ ಸೇರಿದ್ದರೆ ಇನ್ನೂ ಕೆಲವು ವಾರ ಕಾಯಬಹುದು. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆದರೆ ಅದರಲ್ಲಿ ಸಸಿಗೆ ಸಿಗುವ ಪೋಷಕಾಂಶ ತೀರಾ ಕಡಿಮೆ, ಹಾಗಾಗಿ ನಿಜವಾದ ಎಲೆ ಒಂದು ಜೊತೆ ಬಂದಾಗಲೇ ಶುರು ಮಾಡಿ.

ಶುರುವಿಗೆ ಡಬ್ಬಿ ಮೇಲೆ ಬರೆದ ಪ್ರಮಾಣದ ಕಾಲು ಭಾಗ ಸಾಕು, ವಾರಕ್ಕೊಮ್ಮೆ. ಒಣಗಿದ ಮಣ್ಣಿಗೆ ಮಾತ್ರ ಹಾಕಬೇಡಿ, ಬೇರು ಸುಡುತ್ತದೆ. ಒಂದು ಸಲ ನಾನು ಆಸೆಗೆ ಪೂರ್ತಿ ಪ್ರಮಾಣ ಹಾಕಿ, ಎಲೆಯ ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ, ಒಂದು ಟ್ರೇ ಸಸಿ ಕಳೆದುಕೊಂಡೆ. ತುಂಬಾ ಬೇಜಾರಾಗಿತ್ತು.

ಎಲೆ ಹಳದಿಯಾದರೆ ಗೊಬ್ಬರವೇ ಕಡಿಮೆ ಅಂತ ಅಂದುಕೊಳ್ಳಬೇಡಿ. ನೀರು ಜಾಸ್ತಿಯಾದರೂ ಹಾಗೇ ಆಗುತ್ತದೆ. ಎಲೆಯ ಅಡಿಭಾಗ ನೇರಳೆಯಾಗಿದ್ದರೆ ಬೇರಿಗೆ ಚಳಿಯಾಗಿರಬಹುದು, ಆಗ ರಂಜಕ ಅನ್ನೋ ಪೋಷಕಾಂಶ ಮಣ್ಣಲ್ಲಿದ್ದರೂ ಸಸಿ ಹೀರಿಕೊಳ್ಳೋದು ಕಷ್ಟ. ಕಾಂಡ ಸಪೂರವಾಗಿ ಉದ್ದ ಬೆಳೆದರೆ ಬೇಕಿರುವುದು ಬೆಳಕು. ಬೀಜದೆಲೆ ಕೊನೆಗೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಅದರ ಕೆಲಸ ಮುಗಿದಿದೆ ಅಷ್ಟೇ.