ಸಭೆಯ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದದ್ದು

2020ರ ಲಾಕ್‌ಡೌನ್ ಕಾಲದಲ್ಲಿ ಧಾರವಾಡದ ನಮ್ಮ ಕ್ರೈಸ್ತ ಸಭೆಯ ಭಾನುವಾರದ ಆರಾಧನೆ ಯೂಟ್ಯೂಬಿನಲ್ಲಿ ನಡೆಯತೊಡಗಿದಾಗ, ಮೊಣಕಾಲು ನೋವಿನಿಂದ ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ಹತ್ತಲಾಗದಿದ್ದ ನನ್ನ ಅವ್ವ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೀರ್ತನೆಗಳಿಗೆ ದನಿಗೂಡಿಸಿದ್ದನ್ನು ಕಂಡ ನಾನು, ಸಾಮಾಜಿಕ ಜಾಲತಾಣ ಕ್ರೈಸ್ತರಿಗೆ ಬೇಡವೆಂದು ಹೇಳಲಾರೆ. 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿಗೆ ಸೇರಿದ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಹೊಸ ಮಾಧ್ಯಮಕ್ಕೆ ನಮ್ಮ ಹಿರಿಯರು ಹೆದರಿದವರಲ್ಲ. ಆದರೆ ಅಚ್ಚಿಗೆ ಹೋಗುವ ಮಾತನ್ನು ಮತ್ತೊಮ್ಮೆ ಓದಿ ತಿದ್ದಲು ಅವರಿಗೆ ಸಮಯವಿತ್ತು, ನಾನು ಆ ಸಮಯವನ್ನು ತೆಗೆದುಕೊಳ್ಳಲಿಲ್ಲ.

ಕಳೆದ ವರ್ಷ ಸಭೆಯ ವಾಟ್ಸಾಪ್ ಗುಂಪಿನಲ್ಲಿ ‘ದಯವಿಟ್ಟು ಪ್ರಾರ್ಥಿಸಿರಿ’ ಎಂದು ಬರೆದು, ಸಭೆಯ ಸಹೋದರಿಯೊಬ್ಬರ ಕಾಯಿಲೆಯ ವಿವರವನ್ನು ಅವರನ್ನು ಕೇಳದೆಯೇ ಹಂಚಿದವಳು ನಾನು. ಸಂಜೆಯೊಳಗೆ ಸುದ್ದಿ ಅವರ ಬೀಗರ ಮನೆ ಮುಟ್ಟಿತ್ತು. ಪ್ರಾರ್ಥನೆಯ ಹೆಸರಿನಲ್ಲಿ ಹರಡುವ ಚಾಡಿ ಉಳಿದ ಚಾಡಿಗಿಂತ ಕೆಟ್ಟದ್ದೆಂದು ನನಗೆ ಆಗ ಅರಿವಾಯಿತು, ಏಕೆಂದರೆ ಅದನ್ನು ಯಾರೂ ತಡೆಯುವುದಿಲ್ಲ. ಮಾತಿನಲ್ಲಿ ನಿಧಾನವಿರಬೇಕೆಂಬ, ಬೈಬಲಿನ ಯಾಕೋಬನ ಪತ್ರಿಕೆಯ ಬುದ್ಧಿವಾದವನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ. ಕ್ಷಮೆ ಕೇಳಲು ಹೋದಾಗ ಅವರು ಚಹಾ ಕೊಟ್ಟರು, ಮುಖ ಕೊಟ್ಟು ಮಾತನಾಡಲಿಲ್ಲ.

ಈಗ ಪ್ರಾರ್ಥನೆಯ ವಿನಂತಿ ಬಂದರೆ ಮೊದಲು ಆ ಮನೆಗೆ ಫೋನ್ ಮಾಡುತ್ತೇನೆ. ಅವರು ಒಪ್ಪಿದರೆ ಮಾತ್ರ ಹೆಸರು ಬರೆಯುತ್ತೇನೆ.