ಮುಗಿಯುವ ತಾರೀಖು

ಕಳೆದ ಭಾನುವಾರ ಬನಶಂಕರಿಯಲ್ಲಿ ನಮ್ಮ ಪಕ್ಕದ ಮನೆಯವರ ಬಾಡಿಗೆ ಕರಾರಿಗೆ ಸಾಕ್ಷಿ ಸಹಿ ಹಾಕಲು ಹೋಗಿದ್ದೆ. ಅವರ ಮೇಲಿನ ಮಹಡಿಗೆ ಬರುತ್ತಿರುವಾಕೆ ನರ್ಸ್. ನಮ್ಮ ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದು, ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡವಳು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ ಹೆಣ್ಣುಮಗಳು. ಮನೆ ಖಾಲಿಯಿರುವ ಸುದ್ದಿಯನ್ನು ಅವಳಿಗೆ ಮುಟ್ಟಿಸಿದ್ದೂ, ಅವಳ ಬಗ್ಗೆ ಯಜಮಾನರಿಗೆ ಹೇಳಿದ್ದೂ ನಾನೇ. ಬಾಡಿಗೆ, ಅಡ್ವಾನ್ಸ್, ನೀರಿನ ಬಿಲ್ಲು ಎಲ್ಲದರ ಮಾತೂ ಮುಗಿದು, ಹನ್ನೊಂದು ತಿಂಗಳ ಅಗ್ರಿಮೆಂಟ್ ಛಾಪಾ ಕಾಗದದ ಮೇಲೆ ಅಚ್ಚಾಗಿ ಮೇಜಿನ ಮೇಲಿತ್ತು. ಯಜಮಾನರು ಗುರುತಿನ ಪತ್ರ ಕೇಳಿದಾಗ ಅವಳು ಆಧಾರ್ ಕಾರ್ಡಿನ ಜೊತೆಗೆ, ಯಾರೂ ಕೇಳದಿದ್ದರೂ, ಪ್ಲಾಸ್ಟಿಕ್ ಹೊದಿಕೆ ಹಾಕಿದ ಇನ್ನೊಂದು ಪುಸ್ತಿಕೆಯನ್ನು ಮುಂದಿಟ್ಟಳು. ಅದು ವಿದೇಶಿಯರ ನೋಂದಣಿ ಅಧಿಕಾರಿ ಕೊಡುವ ನೋಂದಣಿ ಪತ್ರ, ಅವರೆಲ್ಲ ಆರ್‌.ಸಿ. ಎನ್ನುತ್ತಾರೆ. ಯಜಮಾನರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹಾಳೆ ತಿರುವಿದರು. ಅವಳ ಫೋಟೋ, ರಾಷ್ಟ್ರೀಯತೆ ಎಂಬಲ್ಲಿ ಟಿಬೆಟನ್ ಎಂದು, ಹುಟ್ಟಿದ ಸ್ಥಳ ಎಂಬಲ್ಲಿ ಬೈಲಕುಪ್ಪೆ ಎಂದು, ಆಮೇಲೆ ಒಂದರ ಕೆಳಗೊಂದು ನವೀಕರಣದ ಮೊಹರುಗಳು, ಪ್ರತಿ ಮೊಹರಿನ ಪಕ್ಕ ಕೈಬರಹದ ತಾರೀಖು.

“ಏನಮ್ಮಾ, ಇದಕ್ಕೂ ಮುಗಿಯೋ ತಾರೀಖು ಇದೆಯಲ್ಲ. ಮುಗಿದ ಮೇಲೆ ಏನು?”

“ಮತ್ತೆ ಮಾಡಿಸ್ಕೋತೀನಿ ಅಂಕಲ್. ನಮ್ಮಜ್ಜಿ ಅರವತ್ತು ವರ್ಷದಿಂದ ಮಾಡಿಸ್ಕೋತಾನೇ ಇದ್ದಾರೆ.”

ಇಷ್ಟೇ ಮಾತು. ಅವಳ ದನಿಯಲ್ಲಿ ನೋವಾಗಲಿ ಸಿಟ್ಟಾಗಲಿ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಆದರೆ ಆ ಅರವತ್ತು ವರ್ಷ ಎಂಬ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಇದೆ. ಪಕ್ಕದ ಮನೆಯ ಯಜಮಾನರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಸರ್ಕಾರಿ ನೌಕರಿಯಲ್ಲಿ ಒಂದು ಕಾಸು ಲಂಚ ಮುಟ್ಟದೆ ನಿವೃತ್ತರಾದವರು, ಕಾಗದ ಪತ್ರ ಸರಿಯಿರಬೇಕೆಂಬುದು ಅವರ ಸ್ವಭಾವ. ಮನೆ ಕೊಡುವವರ ಕಡೆಯಿಂದ ನೋಡಿದರೆ ಅವರ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆದರೂ ಅವರು ಪೆನ್ನು ತೆಗೆದು, ನೋಂದಣಿ ಪತ್ರದ ಅವಧಿ ಮುಗಿದು ನವೀಕರಣವಾಗದಿದ್ದಲ್ಲಿ ಮನೆ ತೆರವು ಮಾಡತಕ್ಕದ್ದು ಎಂದು ಅಗ್ರಿಮೆಂಟಿನ ಅಂಚಿನಲ್ಲಿ ಒಂದು ಸಾಲು ಸೇರಿಸಿದಾಗ, ಅವಳು ಆ ಸಾಲನ್ನು ಪೂರ್ತಿ ಓದಿ ಅದರ ಪಕ್ಕದಲ್ಲೂ ಸಹಿ ಹಾಕಿದಾಗ, ನನಗೆ ತಡೆಯಲಾರದ ಸಂಕಟವಾಯಿತು. ಆಕೆಯ ಕನ್ನಡ ನಮ್ಮ ಮೈಸೂರು ಕಡೆಯ ಕನ್ನಡ. ಅವಳ ತಾಯಿ ಹುಟ್ಟಿದ್ದೂ ಬೈಲಕುಪ್ಪೆಯಲ್ಲೇ, 1970ರಲ್ಲಿ.

ಅಜ್ಜಿಯ ಕಥೆಯನ್ನು ಅವಳು ಆಸ್ಪತ್ರೆಯ ರಾತ್ರಿಗಳಲ್ಲಿ ನಮ್ಮ ತಾಯಿಗೆ ಹೇಳುತ್ತಿದ್ದಳು. 1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಬಂದ ಮೇಲೆ ಅವರ ಹಿಂದೆ ಹಿಮಾಲಯ ದಾಟಿದ ಸಾವಿರಾರು ಕುಟುಂಬಗಳಲ್ಲಿ ಅಜ್ಜಿಯ ಕುಟುಂಬವೂ ಒಂದು. ಬಂದವರನ್ನು ಮೊದಲು ಬೆಟ್ಟ ಪ್ರದೇಶದ ರಸ್ತೆ ಕೆಲಸಕ್ಕೆ ಹಚ್ಚಲಾಗಿತ್ತು. ಇವರಿಗೆ ನೆಲೆಯಾಗಿ ಜಾಗ ಕೊಡಬಲ್ಲಿರಾ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಎಸ್‌. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಗೊತ್ತಾಯಿತು. ಹಿಮದ ನಾಡಿನಿಂದ ಬಂದವರು ಬಿಸಿಲಿನಲ್ಲಿ ಮರ ಕಡಿದು, ಬುಡ ಕಿತ್ತು, ಮೊದಲು ಡೇರೆಗಳಲ್ಲಿ, ಆಮೇಲೆ ಬಿದಿರಿನ ಗುಡಿಸಲುಗಳಲ್ಲಿ ಬದುಕಿದರು. ಸೆಕೆಗೂ ಕಾಯಿಲೆಗೂ ಬಹಳ ಜನ ಸತ್ತರು. ಹಾಕಿದ ಮುಸುಕಿನ ಜೋಳವನ್ನು ಆನೆಗಳು ತುಳಿದು ಹೋಗುತ್ತಿದ್ದವಂತೆ. ಹದಿಹರೆಯದ ಅಜ್ಜಿ ರಾತ್ರಿಯಿಡೀ ತಗಡಿನ ಡಬ್ಬ ಬಡಿಯುತ್ತಾ ಕಾವಲು ಕೂತಿರುತ್ತಿದ್ದರಂತೆ. ಆ ಡಬ್ಬದ ಮಾತು ಬಂದಾಗಲೆಲ್ಲ, ಕೊಡಗಿನ ಗಡಿಯ ಹಳ್ಳಿಯಲ್ಲಿ ಹುಟ್ಟಿದ ನಮ್ಮ ತಾಯಿ, ನಮ್ಮ ಗದ್ದೆಯಲ್ಲೂ ಹಾಗೇ ಮಾಡುತ್ತಿದ್ದೆವು ಎಂದು ಎದ್ದು ಕೂರುತ್ತಿದ್ದರು.

ಆಮೇಲೆ ಆದದ್ದನ್ನು ನಾವು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಬೈಲಕುಪ್ಪೆಯಲ್ಲಿ ಎರಡು ನೆಲೆಗಳಾದವು, 1966ರಲ್ಲಿ ಮುಂಡಗೋಡು, ನಂತರ ಹುಣಸೂರು ಮತ್ತು ಕೊಳ್ಳೇಗಾಲ ಸೇರಿಕೊಂಡವು. ಕೈಗೆ ಒಂದಿಷ್ಟು ಹಣ ಕೊಟ್ಟು ಬಿಟ್ಟುಬಿಡದೆ, ಜಮೀನು, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಡಲಾಯಿತು. ಹಳ್ಳಿಗಳ ಸ್ವಸಹಾಯ ಗುಂಪುಗಳಿಂದಾಗಿ ಇಂದು ಎಲ್ಲರಿಗೂ ಪರಿಚಿತವಾದ, ಬೆಂಗಳೂರಿನಲ್ಲೇ ಮುಖ್ಯ ಕಚೇರಿಯಿರುವ ಮೈರಾಡಾ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗಾಗಿ ಎಂಬುದು ಈ ನಗರದಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಒಂದು ಜನಾಂಗ ತನ್ನ ಭಾಷೆ, ಮಠ, ಹಬ್ಬಗಳನ್ನು ಉಳಿಸಿಕೊಂಡು ಒಟ್ಟಾಗಿ ಬಾಳಲು ಬೇಕಾದ ನೆಲವನ್ನು ನಾವು ಕೊಟ್ಟೆವು. ಲಾಸಾದ ಸೆರಾ ಮಠ ಬೈಲಕುಪ್ಪೆಯಲ್ಲೂ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲೂ ಮತ್ತೆ ತಲೆಯೆತ್ತಿದವು. ನಿರಾಶ್ರಿತರಿಗೆ ಇಷ್ಟು ವಿಸ್ತಾರವಾದ ನೆಲೆ ಕಟ್ಟಿಕೊಟ್ಟ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಇಷ್ಟೆಲ್ಲ ಕೊಟ್ಟಿದ್ದರೂ ಆ ಪುಸ್ತಿಕೆಯಲ್ಲಿ ಮುಗಿಯುವ ತಾರೀಖು ಇದೆ. ಹಿಂದೆ ಅದನ್ನು ವರ್ಷವರ್ಷವೂ ನವೀಕರಿಸಬೇಕಿತ್ತು, ಈಗ ಇಲ್ಲಿ ಹುಟ್ಟಿದವರಿಗೆ ಐದು ವರ್ಷಕ್ಕೊಮ್ಮೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹೀಗಾಗಿ ಈ ಪುಸ್ತಿಕೆಯ ಮಟ್ಟಿಗೆ ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ವಿದೇಶಿಯರ ಕಾನೂನಿನ ಕೆಳಗೆ ಬರುತ್ತಾರೆ. ಕೇಂದ್ರ ಸರ್ಕಾರ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿಯನ್ನು ತಂದಾಗಲೂ, ನೆಲೆಗಳ ಜಮೀನಿಗೆ ರಾಜ್ಯಗಳು ಮಾಡಿಕೊಡಬೇಕೆಂದು ಹೇಳಿದ್ದು 20 ವರ್ಷದ ಗುತ್ತಿಗೆ ಪತ್ರವನ್ನು. ನೆಲ ಕೊಡುವಾಗ ನಮಗಿದ್ದ ಧಾರಾಳತನ, ಕಾಲವನ್ನು ಕೊಡುವಾಗ ಇಲ್ಲವಾಯಿತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆನಿಂತ ತಮಿಳರಿಗೆ ಪೌರತ್ವ ಸಿಕ್ಕಿದ್ದನ್ನು ನೆನೆದರೆ, ಮನಸ್ಸು ಮಾಡಿದರೆ ಆಗದ ಕೆಲಸವಂತೂ ಇದಲ್ಲ.

ಅವಳ ಅಣ್ಣ ಟೊರಾಂಟೊದಲ್ಲಿದ್ದಾನೆ. ಅರುಣಾಚಲ ಪ್ರದೇಶದಲ್ಲಿದ್ದ ಟಿಬೆಟನ್ನರಲ್ಲಿ 1,000 ಜನರವರೆಗೆ ಕರೆಸಿಕೊಳ್ಳಲು ಕೆನಡಾ ಒಪ್ಪಿತ್ತಲ್ಲ, ಆ ಯೋಜನೆಯಲ್ಲಿ ಹೋದ ಕುಟುಂಬದ ಹುಡುಗಿಯನ್ನು ಮದುವೆಯಾಗಿ ಹೋದವನು. ಅತ್ತಿಗೆ ಹೋದಾಗ ನಡೆದದ್ದನ್ನು ಇವಳು ಮೊನ್ನೆ ನಮ್ಮ ಮನೆಯಲ್ಲಿ ಕೂತು ವಿವರವಾಗಿ ಹೇಳಿದಳು. ಅಲ್ಲಿ 1970ರ ದಶಕದ ಕೊನೆಯಿಂದ ಖಾಸಗಿ ಪ್ರಾಯೋಜಕತ್ವ ಎಂಬ ಪದ್ಧತಿಯಿದೆ. ಒಂದು ಸಂಘವೋ ಚರ್ಚೋ ಆಗಬಹುದು, 2024ರ ನವೆಂಬರಿನವರೆಗೆ ಸಾಮಾನ್ಯ ನಾಗರಿಕರು ಐವರು ಒಂದಾದರೂ ಸಾಕಿತ್ತು, ಒಂದು ನಿರಾಶ್ರಿತ ಕುಟುಂಬದ ಹೊಣೆಯನ್ನು ಒಂದು ವರ್ಷದ ಮಟ್ಟಿಗೆ ಹೊರುತ್ತೇವೆಂದು ಬರೆದುಕೊಡುತ್ತಾರೆ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ 1979 ಮತ್ತು 1980ರಲ್ಲಿ ಸುಮಾರು 60,000 ಜನರನ್ನು ಕೆನಡಾ ಬರಮಾಡಿಕೊಂಡಾಗ ಈ ಪದ್ಧತಿ ಬೇರೂರಿತು. ಅತ್ತಿಗೆ ವಿಮಾನ ಇಳಿದಾಗ ಗುರುತೇ ಇಲ್ಲದ ನಾಲ್ಕೈದು ಜನ ಅವಳ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದರು. ಒಬ್ಬರ ಕೈಯಲ್ಲಿ ಅವಳಿಗೆಂದು ತಂದ ದಪ್ಪ ಕೋಟಿತ್ತು. ಮನೆ ಮೊದಲೇ ಗೊತ್ತಾಗಿತ್ತು, ಅಡುಗೆಮನೆಯಲ್ಲಿ ಅಕ್ಕಿ, ಹಿಟ್ಟು, ಚಹಾಪುಡಿ ತುಂಬಿತ್ತು. ಮರುದಿನದಿಂದ ಒಬ್ಬರು ಆರೋಗ್ಯ ಕಾರ್ಡಿಗೆ, ಇನ್ನೊಬ್ಬರು ಬ್ಯಾಂಕಿಗೆ, ಮತ್ತೊಬ್ಬರು ಇಂಗ್ಲಿಷ್ ತರಗತಿಗೆ ಕರೆದುಕೊಂಡು ಹೋದರು. ಆ ಗುಂಪಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಎಲ್ಲಿ ಇಳಿಯಬೇಕು, ಗಂಟೆ ಯಾವಾಗ ಒತ್ತಬೇಕು ಎಂದು ತೋರಿಸಿಕೊಟ್ಟು, ಮುಂದಿನ ವಾರ ಅದೇ ಬಸ್ಸಿಗೆ ಅತ್ತಿಗೆಯೊಬ್ಬಳನ್ನೇ ಹತ್ತಿಸಿ, ಹಿಂದಿನ ಬಸ್ಸಿನಲ್ಲಿ ತಾವು ಬಂದರಂತೆ. ಆ ಶಿಕ್ಷಕಿಯನ್ನು ನಾನು ಎಂದೂ ನೋಡಲಾರೆ, ಆದರೆ ಅವರ ಮೇಲೆ ನನಗೆ ತುಂಬ ಗೌರವ ಹುಟ್ಟಿದೆ. ಪರದೇಶದವರಿಗೆ ಊಟ ಬಟ್ಟೆ ಕೊಡುವವರು ಸಿಗುತ್ತಾರೆ. ಅವರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಹೀಗೆ ಹಿಂದೆ ಸರಿಯಬಲ್ಲವರು ಅಪರೂಪ.

ಆ ನೆರವಿಗೂ ಮುಗಿಯುವ ತಾರೀಖು ಇದೆ, ಒಂದೇ ವರ್ಷ. ಅಮೆರಿಕದಲ್ಲಂತೂ 1980ರ ಕಾನೂನಿನಡಿ ಬಂದವರಿಗೆ ಆರಂಭದ ನೆರವು ಬರೀ 90 ದಿನಗಳದ್ದು, ವಿಮಾನದ ಖರ್ಚನ್ನೂ ಬಡ್ಡಿಯಿಲ್ಲದ ಸಾಲವೆಂದು ತೀರಿಸಬೇಕು. ಇದು ಕಠಿಣವೇ, ಮತ್ತು 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ನಿರಾಶ್ರಿತರನ್ನು ಬರಮಾಡಿಕೊಳ್ಳುವುದನ್ನೇ ಸ್ಥಗಿತಗೊಳಿಸಿದ್ದು ಇನ್ನೂ ಕಠಿಣ. ಜಗತ್ತಿನ ನಿರಾಶ್ರಿತರಲ್ಲಿ ಹೀಗೆ ಮೂರನೆಯ ದೇಶಕ್ಕೆ ಹೋಗಿ ನೆಲೆಸುವ ಅವಕಾಶ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಸಿಗುವುದಿಲ್ಲ ಎಂಬುದೂ ಸತ್ಯ. ಆದರೆ ಸಿಕ್ಕವರ ಮಟ್ಟಿಗೆ ಅಲ್ಲಿ ಕೊನೆಯಾಗುವುದು ನೆರವು. ಇರುವ ಹಕ್ಕು ಮೊದಲ ದಿನದಿಂದ ಗಟ್ಟಿಯಾಗುತ್ತಾ ಹೋಗುತ್ತದೆ. ಅತ್ತಿಗೆ ಕೆನಡಾದಲ್ಲಿ ಕಾಲಿಟ್ಟದ್ದೇ ಕಾಯಂ ನಿವಾಸಿಯಾಗಿ. ಐದು ವರ್ಷದೊಳಗೆ 1,095 ದಿನ ಅಲ್ಲಿ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಣ್ಣ ಅತ್ತಿಗೆ ಇಬ್ಬರೂ ಈಗ ಕೆನಡಾದ ಪ್ರಜೆಗಳು. ಇಲ್ಲಿ ನೆರವು ದಶಕಗಳ ಕಾಲ ನಡೆಯಿತು, ಹಕ್ಕಿಗೆ ಮಾತ್ರ ಐದೈದು ವರ್ಷದ ಮೊಹರು ಬೀಳುತ್ತಾ ಬಂತು.

ನಮ್ಮ ಕಾನೂನು ಇವರ ಕೈ ಪೂರ್ತಿ ಬಿಟ್ಟಿದೆ ಎಂದೂ ಹೇಳಲಾಗದು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲೂ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲೂ ಹೇಳಿವೆ. ಆ ಲೆಕ್ಕದಲ್ಲಿ ಇವಳ ತಾಯಿ ಭಾರತೀಯಳು. 1987ರ ನಂತರ, 2004ರ ಡಿಸೆಂಬರಿಗೆ ಮುಂಚೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು, ಆದ್ದರಿಂದ 1996ರಲ್ಲಿ ಹುಟ್ಟಿದ ಇವಳೂ ಭಾರತೀಯಳೇ. ಇದು ಅವಳಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಪಾಸ್‌ಪೋರ್ಟ್ ಯಾಕೆ ಮಾಡಿಸಲಿಲ್ಲವಮ್ಮಾ ಎಂದು ಕೇಳಿದೆ. “ಮಾಡಿಸಿದ್ರೆ ಕ್ಯಾಂಪ್ ಬಿಡಬೇಕು ಆಂಟಿ. ಅಜ್ಜಿ ಅಲ್ಲಿದ್ದಾರೆ,” ಎಂದಳು. 2017ರಲ್ಲಿ ವಿದೇಶಾಂಗ ಸಚಿವಾಲಯ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಕೊಡಲು ದಾರಿ ತೆರೆದಾಗ, ಆರ್‌.ಸಿ.ಯನ್ನು ಒಪ್ಪಿಸಬೇಕು, ನಿಗದಿತ ಟಿಬೆಟನ್ ನೆಲೆಯಲ್ಲಿ ವಾಸವಿರಕೂಡದು, ಅಲ್ಲಿನ ಸವಲತ್ತುಗಳನ್ನು ಬಿಡಬೇಕು ಎಂಬ ಷರತ್ತುಗಳನ್ನೂ ಜೊತೆಗಿಟ್ಟಿತು. ಅಜ್ಜಿ ಕಾಡು ಕಡಿದು ಮಾಡಿದ ಮನೆಯೋ, ತಾನು ಹುಟ್ಟಿದ ದೇಶದ ಪಾಸ್‌ಪೋರ್ಟೋ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಒಂದು ಮಗುವಿಗೆ ಹೇಳುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಅಜ್ಜಿಗೆ ಈ ಪ್ರಶ್ನೆಯೇ ಇಲ್ಲವಂತೆ. ಒಂದು ದಿನ ಊರಿಗೆ ಹಿಂತಿರುಗುತ್ತೇವೆ, ಅಲ್ಲಿಯವರೆಗೆ ಟಿಬೆಟನ್ನರಾಗಿಯೇ ಇರಬೇಕು ಎಂಬುದು ಅವರ ನಿಲುವು, ಆ ನಿಲುವಿನವರು ಆ ಸಮುದಾಯದಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ನಾನು ಪೂರ್ಣ ಮನಸ್ಸಿನಿಂದ ಗೌರವಿಸುತ್ತೇನೆ. ಯಾರ ಮೇಲೂ ಪೌರತ್ವವನ್ನು ಹೇರಬೇಕಿಲ್ಲ. ಬೇಡವೆಂದವರು ಬೇಡವೆನ್ನಲಿ, ಬೇಕೆಂದವರಿಗೆ ಕ್ಯಾಂಪಿನ ಮನೆಯನ್ನು ಕಳೆದುಕೊಳ್ಳುವ ಭಯವಿಲ್ಲದೆ ಅದು ಸಿಗಲಿ ಎಂಬುದಷ್ಟೇ ನನ್ನ ಆಸೆ. ಆ ಜಮೀನನ್ನು ಕೊಟ್ಟ ರಾಜ್ಯ ನಮ್ಮದು, ಆದ್ದರಿಂದ ದೆಹಲಿಗೆ ಈ ಮಾತನ್ನು ಹೇಳುವ ಅರ್ಹತೆ ಕರ್ನಾಟಕಕ್ಕೆ ಬೇರೆಲ್ಲರಿಗಿಂತ ಹೆಚ್ಚಿದೆ. ನಮ್ಮ ಶಾಸಕರಾಗಲಿ ಸಂಸದರಾಗಲಿ ಇದನ್ನು ಗಟ್ಟಿಯಾಗಿ ಎತ್ತಿದ್ದನ್ನು ನಾನು ಕೇಳಿಲ್ಲ. ಮತವಿಲ್ಲದವರ ಮಾತನ್ನು ಎತ್ತಲು ಮತವಿರುವ ನಾವೇ ಕೇಳಬೇಕಾಗುತ್ತದೆ.

ಒಬ್ಬಳೇ ಇರುವವಳು ಎರಡು ಕೋಣೆಯ ಮನೆ ಯಾಕೆ ಹುಡುಕಿದಳೆಂಬುದು ನನಗೆ ಗೊತ್ತಾದದ್ದು ಸಾಮಾನು ಏರಿಸಿದ ದಿನ. ಟಿಬೆಟನ್ನರ ಹೊಸ ವರ್ಷವಾದ ಮುಂದಿನ ಲೋಸಾರ್ ಹಬ್ಬಕ್ಕೆ ಅಣ್ಣ ಬರುತ್ತಿದ್ದಾನೆ, ಕೆನಡಾದ ಪಾಸ್‌ಪೋರ್ಟಿನಲ್ಲಿ, ಭಾರತದ ವೀಸಾ ಪಡೆದು. ಅವನು ಬರುವ ಸುದ್ದಿ ಕೇಳಿ ಯಜಮಾನರು, “ಕೆನಡಾ ಸಿಟಿಜನ್ ಅಲ್ವಾ, ಬರಲಿ ಬರಲಿ, ಏನೂ ತೊಂದರೆಯಿಲ್ಲ,” ಎಂದು ಸಂತೋಷದಿಂದಲೇ ಹೇಳಿದರು. ಆದರೆ ವಿದೇಶಿಯರು ಬೈಲಕುಪ್ಪೆಯ ನೆಲೆಯಲ್ಲಿ ರಾತ್ರಿ ತಂಗಬೇಕಾದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕಬೇಕು. ಅವನು ಹುಟ್ಟಿದ್ದು ಅಲ್ಲಿನ ಆಸ್ಪತ್ರೆಯಲ್ಲಿ, ಓದಿದ್ದು ಅಲ್ಲಿನ ಶಾಲೆಯಲ್ಲಿ. ಅರ್ಜಿ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ. ಬರದೇ ಹೋದರೆ ಅಜ್ಜಿಯನ್ನೇ ಇಲ್ಲಿಗೆ ಕರೆತಂದು ಹಬ್ಬವನ್ನು ಬನಶಂಕರಿಯಲ್ಲಿ ಮಾಡುವುದೆಂದು ಅಣ್ಣ ತಂಗಿ ಮಾತಾಡಿಕೊಂಡಿದ್ದಾರೆ. ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ನಮ್ಮ ಕೆಳಗಿನ ಕೋಣೆಯನ್ನು ಬಿಟ್ಟುಕೊಡುವುದಾಗಿ ನಾನು ಹೇಳಿದ್ದೇನೆ.